ಬಿಸಿಗಾಳಿ ಎಚ್ಚರಿಕೆ ಬರುವತನಕ ಉದ್ಯೋಗ ಖಾತ್ರಿ ಕೆಲಸ ನಡೆಸಬಹುದೇ?

ಗದಗ ಸೀಮೆಯ ಹಳ್ಳಿಯಲ್ಲಿ ಮೇ ತಿಂಗಳು ಕೆರೆ ಹೂಳೆತ್ತುವಾಗ ಹವಾಮಾನ ಇಲಾಖೆಯ ಎಚ್ಚರಿಕೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ಕಾಯಬೇಡಿ.

ಬಯಲು ಪ್ರದೇಶದಲ್ಲಿ ಬಿಸಿಗಾಳಿ ಎನ್ನಲು ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಆಗಬೇಕು. ವಾಡಿಕೆ 37 ಇದ್ದರೆ ಅದು 41.5. ಗುದ್ದಲಿ ಹಿಡಿದವರಿಗೆ ಅದಕ್ಕೂ ಮೊದಲೇ ತೊಂದರೆ ಶುರುವಾಗಿರುತ್ತದೆ.

ಉಷ್ಣಾಂಶವೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. 40 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಒದ್ದೆ ಬಲ್ಬಿನ ಅಳತೆ, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶ, ಸುಮಾರು 23. ಭರಣಿ ಮಳೆ ಬಿದ್ದ ಮಾರನೇ ದಿನ 36 ಡಿಗ್ರಿಗೆ ಇಳಿದು ತೇವಾಂಶ ಶೇ 50 ಆದರೆ ಅದೇ ಅಳತೆ 27 ದಾಟುತ್ತದೆ. ಬೆವರು ಬೇಗ ಆರುವುದಿಲ್ಲ, ಮೈ ಸರಿಯಾಗಿ ತಣಿಯುವುದಿಲ್ಲ. ಜನ ‘ಇವತ್ತು ತಂಪೈತಿ’ ಅಂತ ಹೆಚ್ಚು ಹೊತ್ತು ದುಡಿಯುವ ದಿನವೇ ಅದು, ನನಗೆ ಹೆಚ್ಚು ಭಯ ಅದರದ್ದೇ.

ಅಳೆಯಲು ಎರಡು ಥರ್ಮಾಮೀಟರ್ ಸಾಕು. ಒಂದರ ಬಲ್ಬಿಗೆ ಬಿಳಿ ಹತ್ತಿ ಬಟ್ಟೆ ಸುತ್ತಿ ಒದ್ದೆ ಮಾಡಿ, ನೆರಳಲ್ಲಿ ಎದೆಯೆತ್ತರಕ್ಕೆ ಕಟ್ಟಿ, ಎರಡು–ಮೂರು ನಿಮಿಷ ಜೋರಾಗಿ ಗಾಳಿ ಬೀಸಿ ಅತಿ ಕಡಿಮೆ ಅಂಕಿ ಬರೆದುಕೊಳ್ಳಿ. ಬೋರ್‌ವೆಲ್ ನೀರು ಬೇಡ. ಉಪ್ಪು ಕಟ್ಟಿ ಬಟ್ಟೆ ನೀರು ಹೀರುವುದಿಲ್ಲ, ಅಂಕಿ ತಪ್ಪಾಗುತ್ತದೆ. ಶುದ್ಧ ನೀರಿನ ಘಟಕದ ನೀರು ಹಾಕಿ, ವಾರಕ್ಕೊಮ್ಮೆ ಬಟ್ಟೆ ಬದಲಿಸಿ. ನಾನಾದರೆ ಒದ್ದೆ ಬಲ್ಬಿನ ಅಳತೆ 25 ಆದರೆ ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ನೆರಳು. 27ಕ್ಕೆ ಕೆಲಸ ಬಂದ್. ಒಣ ಬಿಸಿಲಿದ್ದರೂ 11ರ ನಂತರ ಹೂಳು ಹೊರಿಸಬೇಡಿ, ಬೆಳಿಗ್ಗೆ 6ಕ್ಕೇ ಶುರುಮಾಡಿ.

ಮುಂದಿನ ಐದು ದಿನದ ಮುನ್ಸೂಚನೆ ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಗರಿಷ್ಠದ ಜೊತೆ ತೇವಾಂಶ, ರಾತ್ರಿಯ ಕನಿಷ್ಠ ಎರಡನ್ನೂ ನೋಡಿ. ರಾತ್ರಿ ತಂಪಾಗದಿದ್ದರೆ ತಗಡಿನ ಮನೆಯವರು ದಣಿದೇ ಕೆಲಸಕ್ಕೆ ಬರುತ್ತಾರೆ.

ಹೊಸಬರಿಗೆ ಮೊದಲ ದಿನ ಐದನೇ ಒಂದು ಪಾಲು ಕೆಲಸ, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸಿ. ಅಪಾಯ ಹೆಚ್ಚಿರುವುದು ಮೊದಲ ದಿನಗಳಲ್ಲೇ. 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಬಾಯಾರಿಕೆಗೆ ಕಾಯದೆ.

ಯಾರಾದರೂ ತಡಬಡ ಮಾತಾಡಿದರೆ, ತೂರಾಡಿದರೆ, ಬೆವರುತ್ತಿದ್ದರೂ ಬಿಸಿಲಾಘಾತವೆಂದೇ ತಿಳಿಯಿರಿ. ಒಬ್ಬರು 108ಕ್ಕೆ ಫೋನ್ ಮಾಡುವಾಗ ಉಳಿದವರು ನೆರಳಿಗೆ ಒಯ್ದು ತಲೆಯಿಂದ ಕಾಲಿನವರೆಗೆ ನೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಮೈಮೇಲೆ ಸುರಿಯಲೆಂದೇ ಎರಡು ಕೊಡ ನೀರು, ಕುಡಿಯುವುದನ್ನು ಬಿಟ್ಟು, ಕೆಲಸದ ಜಾಗದಲ್ಲಿ ಬೇರೆಯೇ ತುಂಬಿಡಿ.