ವಿಜಯನಗರದಿಂದ ಒಹಾಯೊಗೆ ಹೊರಟ ತಾಯಿಗೆ, ಕುರಿ ಸ್ಪರ್ಧೆಯ ಬಗ್ಗೆ

ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಮುಂದಿನ ತಿಂಗಳು ವಿಜಯನಗರದ ಮನೆ ಖಾಲಿ ಮಾಡಿ ಅಮೆರಿಕದ ಒಹಾಯೊಗೆ ಹೊರಟಿದ್ದೀರಿ, ಯಜಮಾನರ ಹೊಸ ಆಫೀಸಿನವರೊಬ್ಬರ ಮಕ್ಕಳು ಕುರಿ ಸಾಕಿ ಅಲ್ಲಿನ ಕೌಂಟಿ ಫೇರ್‌ನಲ್ಲಿ, ಅಂದರೆ ನಮ್ಮ ಜಿಲ್ಲಾ ಮೇಳದಂಥದ್ದರಲ್ಲಿ, ತೋರಿಸುತ್ತಾರಂತೆ, ಅವರು ಕಳಿಸಿದ ವಿಡಿಯೋ ನೋಡಿ ನಿಮ್ಮ 11 ವರ್ಷದ ಮಗಳು ನನಗೂ ಬೇಕು ಅಂತ ಹಟ ಹಿಡಿದಿದ್ದಾಳೆ. ಕುರಿ ಮುಟ್ಟಿಯೂ ನೋಡದ ಬೆಂಗಳೂರಿನ ಹುಡುಗಿಯನ್ನು ಅಲ್ಲಿನ ಜಡ್ಜ್ ಹೇಗೆ ನೋಡುತ್ತಾರೆ, ಅಜ್ಜನ ಕಾಲದಿಂದ ಕುರಿ ಸಾಕಿದವರ ಮಕ್ಕಳ ಮುಂದೆ ಅವಳಿಗೆ ಅವಮಾನ ಆಗುವುದಿಲ್ಲವಾ ಅಂತ ಕೇಳಿದ್ದೀರಿ.

ಸೇರಿಸಿ. ಯೋಚನೆ ಬೇಡ. ನಾನು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದವಳು. ಒಹಾಯೊದಲ್ಲಿ ನೆಲೆ ನಿಂತು 19 ವರ್ಷ ಆಯಿತು, ಅದರಲ್ಲಿ ಎಂಟು ಬೇಸಿಗೆ ಇದೇ ಮಕ್ಕಳ ಸ್ಪರ್ಧೆಗೆ ಜಡ್ಜ್ ಆಗಿ ನಿಂತಿದ್ದೇನೆ. ಈಗ ರಜೆಗೆ ಬಂದು ಜಕ್ಕೂರಿನ ಅಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಇದು ನಡೆಯುವುದು 4-ಎಚ್ ಅನ್ನುವ ಮಕ್ಕಳ ಸಂಘದ ಮೂಲಕ. ಅದರ ಬೇರು ಒಹಾಯೊದಲ್ಲೇ ಇದೆ, 1902ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಶುರುವಾದ ಮಕ್ಕಳ ಕೃಷಿ ಸಂಘದಿಂದ ಬೆಳೆದದ್ದು. ಈಗ ಅಲ್ಲಿ ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ವಿಸ್ತರಣಾ ವಿಭಾಗ ನಡೆಸುತ್ತದೆ. 8 ವರ್ಷ ತುಂಬಿ ಮೂರನೇ ಕ್ಲಾಸಿಗೆ ಬಂದ ಮಗು ಪ್ರಾಣಿ ಸಾಕುವ ಪ್ರಾಜೆಕ್ಟ್ ತೆಗೆದುಕೊಳ್ಳಬಹುದು. ನಿಮಗೆ ಜಾಗ ಇಲ್ಲದಿದ್ದರೆ ಆ ಸಹೋದ್ಯೋಗಿಯ ಕೊಟ್ಟಿಗೆಯಲ್ಲೇ ಮರಿ ಇಡಬಹುದಾ ಅಂತ ನಿಮ್ಮ ಕೌಂಟಿಯ ಕಚೇರಿಯಲ್ಲಿ ಮೊದಲೇ ಕೇಳಿ.

ನಮ್ಮ ಜಿಕೆವಿಕೆ ಕೃಷಿಮೇಳದಲ್ಲಿ ಬಂಡೂರು ಟಗರು ನಿಲ್ಲಿಸಿದರೆ ಜನ ಟಗರನ್ನೇ ನೋಡುತ್ತಾರೆ, ಹಿಡಿದವನ ಮುಖ ಯಾರಿಗೂ ನೆನಪಿರಲ್ಲ, ಅಲ್ವಾ? ಫೇರ್‌ನಲ್ಲೂ ಹಾಗೆ ಕುರಿಯನ್ನೇ ನೋಡುವ ಸ್ಪರ್ಧೆ ಬೇರೆ ಇದೆ. ಶೋಮನ್‌ಶಿಪ್ ಅಂದರೆ ಮಗು ಕುರಿಯನ್ನು ನಡೆಸಿ, ನಿಲ್ಲಿಸಿ ತೋರಿಸುವ ಸ್ಪರ್ಧೆ, ಅದರಲ್ಲಿ ನಾವು ನೋಡುವುದು ಮಗುವನ್ನು. ದುಬಾರಿ ಮರಿ ತಂದವರಿಗೆ ಅದರಿಂದ ಒಂದು ಅಂಕವೂ ಸಿಗುವುದಿಲ್ಲ. ಎಷ್ಟೋ ಸಲ ಇಬ್ಬರು ಮಕ್ಕಳ ಕುರಿ ಅದಲುಬದಲು ಮಾಡಿಸುತ್ತೇವೆ. ಪರಿಚಯವಿಲ್ಲದ ಕುರಿಯನ್ನು ಹೇಗೆ ಸಂಭಾಳಿಸುತ್ತಾರೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಕುರಿಗೆ ಹಗ್ಗ ಇರುವುದಿಲ್ಲ. ಒಂದು ಕೈ ಗದ್ದದ ಕೆಳಗೆ, ಇನ್ನೊಂದು ಕೈ ಕಿವಿಯ ಹಿಂದೆ, ಅಷ್ಟೇ ಹಿಡಿತ. ಮೊನ್ನೆ ನಮ್ಮ ಪಕ್ಕದ ಬೀದಿಯವರ ಕುರಿಮರಿಯಲ್ಲಿ ಅಣ್ಣನ ಮಗಳಿಗೆ ಇದನ್ನು ಹೇಳಿಕೊಟ್ಟೆ. ಮೊದಲು ಅವಳು ಕುತ್ತಿಗೆ ಗಟ್ಟಿಯಾಗಿ ಹಿಡಿದಳು, ಮರಿ ಹಿಂದಕ್ಕೆ ಜಗ್ಗಿ ಕೂತುಬಿಟ್ಟಿತು. ಕೈ ಸಡಿಲ ಬಿಟ್ಟು, ಗದ್ದ ಮಾತ್ರ ಮೇಲಕ್ಕೆತ್ತಿ ಹೆಜ್ಜೆ ಇಡು ಅಂದೆ. ನಾಲ್ಕೇ ಹೆಜ್ಜೆ, ಆದರೆ ಮರಿ ಜೊತೆಗೇ ಬಂತು. ಆಮೇಲೆ ನಾಲ್ಕು ಕಾಲನ್ನೂ ಮೇಜಿನ ಕಾಲಿನ ಹಾಗೆ ನೆಟ್ಟಗೆ ನಿಲ್ಲಿಸಿ, ಅದರ ಎದೆಗೆ ಮೊಣಕಾಲು ಕೊಟ್ಟು ಮೆಲ್ಲಗೆ ಹಿಂದಕ್ಕೆ ಒತ್ತಿಸಿದೆ. ಕುರಿ ಎದುರು ಒತ್ತಿತು. ಆಗ ಬೆನ್ನಿನ ಮೇಲೆ ಅವಳ ಕೈ ಇಡಿಸಿದೆ. ಅಯ್ಯೋ ಅತ್ತೆ, ಕಲ್ಲಿನ ಹಾಗಾಯ್ತು ಅಂದಳು. ಜಡ್ಜ್ ಬೆನ್ನು, ಸೊಂಟ ಮುಟ್ಟಿ ನೋಡುವ ಹೊತ್ತಿಗೆ ಮಾಂಸ ಹಾಗೆ ಬಿಗಿಯಾಗಿರಬೇಕು. ಬಕ್ರೀದ್ ಹೊತ್ತಿಗೆ ಚಾಮರಾಜಪೇಟೆ ಮೈದಾನದಲ್ಲಿ ವ್ಯಾಪಾರಿಗಳು ಕುರಿಯ ಬೆನ್ನು ಒತ್ತಿ ನೋಡುತ್ತಾರಲ್ಲ, ಅದೇ ಪರೀಕ್ಷೆ. ಆದರೆ ಮುಂಗಾಲು ನೆಲ ಬಿಡುವಷ್ಟು ಎತ್ತಬಾರದು. ಅದನ್ನು ಕಂಡರೆ ನಾನು ಅಂಕ ಕಳೆಯುತ್ತೇನೆ.

ಇನ್ನೊಂದು ಮುಖ್ಯ ನಿಯಮ, ಕುರಿ ಯಾವಾಗಲೂ ಮಗುವಿಗೂ ಜಡ್ಜ್‌ಗೂ ನಡುವೆ ಇರಬೇಕು. ನಾನು ಆ ಕಡೆ ಬಂದರೆ ಮಗು ಈ ಕಡೆ ಹೋಗಬೇಕು, ಅದೂ ಕುರಿಯ ಮುಂದಿನಿಂದ ದಾಟಿ, ಹಿಂದಿನಿಂದಲ್ಲ. ಕಣ್ಣು ಜಡ್ಜ್ ಮೇಲೆ ಇಡು ಅಂತ ಎಲ್ಲರೂ ಕಲಿಸುತ್ತಾರೆ, ಅದಕ್ಕೆ ಕೆಲವು ಮಕ್ಕಳು ರೆಪ್ಪೆ ಬಡಿಯದೆ ದುರುಗುಟ್ಟುತ್ತಾರೆ. ನನಗೆ ಅದು ಇಷ್ಟವಿಲ್ಲ. ಒಮ್ಮೆ ನನ್ನನ್ನು ನೋಡಿ, ಒಮ್ಮೆ ಕುರಿಯ ಕಾಲು ನೋಡಿ ಸರಿಮಾಡಿಕೊಳ್ಳುವ ಮಗು ನನಗೆ ಬೇಕು.

ಪ್ರಶ್ನೆಗಳನ್ನೂ ಕೇಳುತ್ತೇವೆ. ಯಾವ ತಳಿ, ತೂಕ ಎಷ್ಟು, ಮೇವಿನಲ್ಲಿ ಪ್ರೋಟೀನ್ ಎಷ್ಟು, ಕಿವಿಯ ಟ್ಯಾಗ್ ಯಾಕೆ (ಸ್ಕ್ರೇಪಿ ಅನ್ನುವ ಮೆದುಳಿನ ಕಾಯಿಲೆ ಬಂದರೆ ಕುರಿ ಯಾವ ಹಿಂಡಿನದು ಅಂತ ಹುಡುಕಲು). ಹಲ್ಲು ನೋಡಿ ವಯಸ್ಸು ಹೇಳು ಅಂತಲೂ ಕೇಳಬಹುದು. ಸುಮಾರು ಒಂದು ವರ್ಷಕ್ಕೆ ಮುಂದಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತವೆ. ಇಂಗ್ಲಿಷ್ ಉಚ್ಚಾರಣೆ ಬಗ್ಗೆ ಚಿಂತೆ ಮಾಡಬೇಡಿ. ದಿನಾ ಮೇವು ಹಾಕಿದ ಮಗುವಿಗೂ ಉರು ಹೊಡೆದ ಮಗುವಿಗೂ ಇರುವ ವ್ಯತ್ಯಾಸ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಅವಮಾನದ ಮಾತು ಬಂತಲ್ಲ, ಒಂದು ವರ್ಷ ನನ್ನ ರಿಂಗ್‌ನಲ್ಲಿ ಒಬ್ಬ ಚಿಕ್ಕ ಹುಡುಗನ ಕುರಿ ಕೈಬಿಡಿಸಿಕೊಂಡು ಓಡಿತು. ಅವನು ಅಳಲಿಲ್ಲ, ಕಿರುಚಲಿಲ್ಲ, ನಡೆದುಕೊಂಡೇ ಹೋಗಿ ಗದ್ದ ಹಿಡಿದು ವಾಪಸ್ ತಂದು, ಮತ್ತೆ ಒಂದೊಂದೇ ಕಾಲು ನಿಲ್ಲಿಸಿದ. ಪಕ್ಕದಲ್ಲಿದ್ದ ದೊಡ್ಡ ಹುಡುಗಿ ತನ್ನ ಕುರಿಯನ್ನು ಸರಿಸಿ ಅವನಿಗೆ ಜಾಗ ಮಾಡಿಕೊಟ್ಟಳು. ಆ ದಿನ ಮೈಕ್‌ನಲ್ಲಿ ತೀರ್ಪಿನ ಕಾರಣ ಹೇಳುವಾಗ ನಾನು ಮೊದಲು ಹೇಳಿದ್ದು ಇವರಿಬ್ಬರ ಬಗ್ಗೆ.

ಒಂದು ವಿಷಯ ಮಾತ್ರ ಈಗಲೇ ಮಗಳ ಹತ್ತಿರ ಕೂತು ಮಾತಾಡಿ. ಮಾಂಸದ ಮರಿಯ ಪ್ರಾಜೆಕ್ಟ್ ತೆಗೆದುಕೊಂಡರೆ ಫೇರ್ ಕೊನೆಯಲ್ಲಿ ಸಾಮಾನ್ಯವಾಗಿ ಹರಾಜು, ಆಮೇಲೆ ಕಸಾಯಿಖಾನೆ. ತಿಂಗಳುಗಟ್ಟಲೆ ಸಾಕಿದ ಮಕ್ಕಳು ಆ ಸಂಜೆ ಕೊಟ್ಟಿಗೆಯಲ್ಲಿ ಕುರಿಯ ಕುತ್ತಿಗೆ ತಬ್ಬಿ ಅಳುವುದನ್ನು ಪ್ರತಿವರ್ಷ ನೋಡುತ್ತೇನೆ, ನನಗೆ ಇನ್ನೂ ಅಭ್ಯಾಸ ಆಗಿಲ್ಲ. ನಿಮ್ಮದು ಸಸ್ಯಾಹಾರಿ ಮನೆ ಅಂದಿರಿ. ಹಾಗಿದ್ದರೆ ತಳಿಗೆ ಸಾಕುವ ಹೆಣ್ಣುಕುರಿಯ ಪ್ರಾಜೆಕ್ಟ್ ಆರಿಸಿ, ಅದು ವಾಪಸ್ ಮನೆಗೆ ಬರುತ್ತದೆ. ಶೋಮನ್‌ಶಿಪ್‌ಗೂ ಅದನ್ನೇ ತರಬಹುದಾ ಅಂತ ನಿಮ್ಮ ಫೇರ್‌ನ ನಿಯಮ ನೋಡಿಕೊಳ್ಳಿ.

ವೈದ್ಯೆಯಾಗಿ ಒಂದು ಮಾತು. ಉಣ್ಣೆ ಪದೇಪದೇ ಬೋಳಿಸುವ ಕುರಿಗಳಿಗೆ ಹುಳುಕಡ್ಡಿ ಬೇಗ ಬರುತ್ತದೆ, ಮನುಷ್ಯರಿಗೂ ಅಂಟುತ್ತದೆ. ಬೇರೆಯವರ ಕ್ಲಿಪ್ಪರ್, ಬ್ರಷ್ ತೊಳೆಯದೆ ಬಳಸಬೇಡಿ, ಕುರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ.

ನಾನು ಇನ್ನೂ ಎರಡು ಭಾನುವಾರ ಇಲ್ಲೇ ಇರುತ್ತೇನೆ. ಬೆಳಿಗ್ಗೆ ಏಳಕ್ಕೆ ಮಗಳನ್ನು ಜಕ್ಕೂರಿಗೆ ಕರೆದುಕೊಂಡು ಬನ್ನಿ, ಆ ಹೊತ್ತಿಗೆ ಮರಿಗಳು ಇನ್ನೂ ಮೇಯಲು ಹೋಗಿರುವುದಿಲ್ಲ. ಹಳೇ ಜೀನ್ಸ್, ಮುಚ್ಚಿದ ಶೂ ಹಾಕಿಸಿ. ಕುರಿ ಕಾಲು ತುಳಿದರೆ ಚೆನ್ನಾಗಿಯೇ ನೋಯುತ್ತದೆ.