ದುಬೈನಲ್ಲಿ ಇದೀನಿ, ಊರಿಗೆ ಬಂದಾಗ ಮುಂಬೈನಲ್ಲಿ ಹಳೇ ಕಾಲದ ಫರ್ನಿಚರ್ ತಗೊಂಡು ಅಲ್ಲಿಗೆ ಕಳಿಸ್ಬಹುದಾ?

ಕಳಿಸ್ಬಹುದು, ಆದ್ರೆ ಮೊದ್ಲು ವಯಸ್ಸು ನೋಡಿ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಪುರಾತನ ವಸ್ತುನ ಖಾಸಗಿಯವ್ರು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ, ಅಂಗಡಿಯವ್ರು 'ನೂರೈವತ್ತು ವರ್ಷದ್ದು ಸಾಬ್' ಅಂತ ಹೊಗಳಿದ್ರೆ ಅದು ನಿಜಾನೇ ಆದ್ರೆ ನಿಮ್ಗೆ ಉಪಯೋಗಕ್ಕಿಲ್ಲ. ಅನುಮಾನ ಇದ್ರೆ ಭಾರತೀಯ ಪುರಾತತ್ವ ಇಲಾಖೆಯಿಂದ 'ಇದು ಪುರಾತನ ವಸ್ತು ಅಲ್ಲ' ಅನ್ನೋ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ, ದುಡ್ಡು ಪೂರ್ತಿ ಕೊಡೋಕೆ ಮುಂಚೆನೇ.

ಚಿಕ್ಕಪುಟ್ಟದಕ್ಕೆ ಚೋರ್ ಬಜಾರ್‌ನ ಮಟನ್ ಸ್ಟ್ರೀಟ್ (ಶುಕ್ರವಾರ ಬೇಡ, ಆ ಅಂಗಡಿಗಳು ಮುಚ್ಚಿರ್ತವೆ), ಮಂಚ ಕಪಾಟಿಗೆ ಜೋಗೇಶ್ವರಿಯ ಓಶಿವಾರಾ. ಡ್ರಾಯರ್ ಪೂರ್ತಿ ಹೊರಗೆ ಎಳೆದು ಹಿಂಭಾಗ, ತಳ ನೋಡಿ, ಅಲ್ಲಿ ಪ್ಲೈವುಡ್ ಕಂಡ್ರೆ ಆಮೇಲೆ ಸೇರಿಸಿದ್ದು ಅಂತ್ಲೇ ಲೆಕ್ಕ. ಬೀಟೆ ಮರದ್ದಾದ್ರೆ ರಫ್ತಿಗೆ ಬೇರೆ ಪೇಪರ್ ಬೇಕಾಗ್ಬಹುದು, ತೇಗ ಆದ್ರೆ ಆ ತಲೆನೋವಿಲ್ಲ, ನಾನಂತೂ ತೇಗಾನೇ ತಗೊಳ್ಳಿ ಅಂತೀನಿ.