ಸೆಲ್ಯೂಟ್ ಮೇಳಕ್ಕೆ ಹೋಗುವ ಮುಂಚೆ: ಟಿಪ್ಪು ಕಾಲದ ಯುದ್ಧ ಆಡಲು ಏನು ಕೊಳ್ಳಬೇಕು, ಏನು ಬಿಡಬೇಕು

ನಮಸ್ಕಾರ ಸರ್. ಸೆಲ್ಯೂಟ್ ಅಂದರೆ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಮೇಜಿನ ಮೇಲೆ ಯುದ್ಧ ಆಡುವ ವಾರ್‌ಗೇಮ್ ಹವ್ಯಾಸಿಗಳ ಲಂಡನ್ ಮೇಳ. ಅದರ ಬಗ್ಗೆ ನೀವು ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಮೇಲೆ ಇಬ್ಬರು ಮೂವರು "ಹೋಗಿ ನೋಡಿ, ಇಷ್ಟ ಆಗಿದ್ದು ತಗೊಳ್ಳಿ" ಅಂತ ಬರೆದಿದ್ದಾರೆ. ಅಂಥ ಮೇಳದಲ್ಲಿ ದುಡ್ಡು ಖಾಲಿ ಮಾಡೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ನೀವು ಕೇಳಿದ್ದು: ಏಪ್ರಿಲ್‌ನಲ್ಲಿ ಮಗಳ ಮನೆಗೆ ಲಂಡನ್ನಿಗೆ ಬರುತ್ತೀರಿ, ಕೈಯಲ್ಲಿ ಮುನ್ನೂರು ಪೌಂಡ್ ಇದೆ, ಹೈದರ್–ಟಿಪ್ಪು ಕಾಲದ ಯುದ್ಧಗಳನ್ನು ಮೈಸೂರಿನ ಮನೆಯಲ್ಲಿ ಮೇಜಿನ ಮೇಲೆ ಆಡಬೇಕು, ಯಾವ ಸ್ಕೇಲ್ (ಗೊಂಬೆಯ ಅಳತೆ), ಯಾವ ರೂಲ್ಸ್, ಊರಿಗೆ ಹೇಗೆ ಒಯ್ಯುವುದು. ನಾನು ಇಂಗ್ಲೆಂಡಿನಲ್ಲೇ ಇದ್ದು ವರ್ಷಾವರ್ಷ ಈ ಮೇಳಗಳನ್ನು ಸುತ್ತುವವನು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಇಲ್ಲಿನವರು ಒಂದೇ ಸೈನ್ಯ ಕೊಂಡು ಬಣ್ಣ ಹಚ್ಚುತ್ತಾರೆ, ಎದುರಾಳಿ ಕ್ಲಬ್ಬಿನಲ್ಲಿ ಸಿಗುತ್ತಾನೆ. ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ಹಿಡಿದುಕೊಂಡು ನಿಮ್ಮ ಮನೆಗೆ ಯಾರು ಬರುತ್ತಾರೆ? ಹಾಗಾಗಿ ಎರಡೂ ಕಡೆಯವರನ್ನು ನೀವೇ ಕೊಳ್ಳಬೇಕು. ದೊಡ್ಡದೊಂದು ಸೈನ್ಯಕ್ಕಿಂತ ಚಿಕ್ಕವೆರಡು ವಾಸಿ. ಒಂದೊಂದು ಕಡೆಗೆ ನಲವತ್ತು–ಐವತ್ತು ಫಿಗರ್ (ಸೈನಿಕ ಗೊಂಬೆ) ಇದ್ದರೆ ಸಾಕು, ಭಾವನನ್ನೋ ಪಕ್ಕದ ಮನೆ ಹುಡುಗನನ್ನೋ ಕೂರಿಸಿಕೊಂಡು ಅದೇ ದಿನ ಆಟ ಶುರು ಮಾಡಬಹುದು. ರೂಲ್ಸ್, ಸ್ಕೇಲ್, ಬಜೆಟ್ ಎಲ್ಲವೂ ಈ ತೀರ್ಮಾನದ ಹಿಂದೆಯೇ ಬರುತ್ತವೆ.

ರೂಲ್ಸ್ ವಿಚಾರ. ಮೇಳದಲ್ಲಿ ನಿಮ್ಮ ಕಣ್ಣಿಗೆ ಮೊದಲು ಬೀಳುವುದು ಬ್ಲ್ಯಾಕ್ ಪೌಡರ್ ಎಂಬ ರೂಲ್ಸ್ ಪುಸ್ತಕ. ದಪ್ಪ ರಟ್ಟು, ಪುಟಪುಟಕ್ಕೂ ಬಣ್ಣದ ಫೋಟೋ, ಓದಲು ಸೊಗಸು. ಆದರೆ ಅದು ಬೆಟಾಲಿಯನ್‌ಗಳ ಆಟ. ಒಂದೊಂದು ಬೆಟಾಲಿಯನ್‌ಗೆ ಇಪ್ಪತ್ತು ಚಿಲ್ಲರೆ ಫಿಗರ್, ಅಂಥವು ಒಂದೊಂದು ಕಡೆಗೆ ಏಳೆಂಟು, ಜೊತೆಗೆ ಕುದುರೆ, ತೋಪು. ಮುನ್ನೂರು ಪೌಂಡಿಗೆ ಅರ್ಧ ಸೈನ್ಯವೂ ಆಗುವುದಿಲ್ಲ, ಊಟದ ಮೇಜೂ ಸಾಲುವುದಿಲ್ಲ. ಬಿಟ್ಟುಬಿಡಿ. ನಿಮಗೆ ಹೊಂದುವುದು ಟೂ ಫ್ಯಾಟ್ ಲಾರ್ಡೀಸ್ ಅವರ ಶಾರ್ಪ್ ಪ್ರಾಕ್ಟೀಸ್, ಈಗಿನದು ಎರಡನೇ ಆವೃತ್ತಿ. ಸಾಲು ಕಟ್ಟಿ ಹೊಡೆಯುವ ಪದಾತಿ ಎಂಟೆಂಟು ಫಿಗರ್‌ನ ಗುಂಪು, ಚದುರಿ ಹೊಡೆಯುವವರು ಆರಾರು, ಅವರ ಮೇಲೆ ನಾಲ್ಕೈದು ಜನ ನಾಯಕರು. ಯಾರ ಸರದಿ ಎನ್ನುವುದು ಕಾರ್ಡ್ ಎಳೆದಾಗಲೇ ಗೊತ್ತಾಗುತ್ತದೆ. ಸುತ್ತು ಮುಗಿಸುವ ಕಾರ್ಡಿನ ಹೆಸರು "ಟಿಫಿನ್". ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ! ನೀವು ಕರೆದರೂ ತುಕಡಿ ತನ್ನ ಹೊತ್ತಿಗೇ ಅಲ್ಲಾಡುವುದರಿಂದ ಒಬ್ಬರೇ ಕೂತು ಎರಡೂ ಕಡೆ ಆಡಿದರೂ ಬೇಸರ ಆಗುವುದಿಲ್ಲ. ನಿಮಗೆ ಇದು ದೊಡ್ಡ ಅನುಕೂಲ.

ಇನ್ನೊಂದು ದಾರಿ ಆಸ್ಪ್ರೆ ಪ್ರಕಾಶನದ ತೆಳು ನೀಲಿ ಪುಸ್ತಕಗಳ ಸಾಲು. ಅದರಲ್ಲಿ ದಿ ಮೆನ್ ಹೂ ವುಡ್ ಬಿ ಕಿಂಗ್ಸ್ ವಸಾಹತು ಕಾಲದ ಯುದ್ಧಗಳಿಗೆ ಬರೆದದ್ದು. ಬೆಲೆ ಕಡಿಮೆ, ಒಂದು ಸಂಜೆಯಲ್ಲಿ ಓದಿ ಮುಗಿಯುತ್ತದೆ. ಆದರೆ ಅದರ ಮನಸ್ಸೆಲ್ಲ ವಿಕ್ಟೋರಿಯಾ ರಾಣಿಯ ಕಾಲದ ಕಡೆಗೆ, ಒಂದು ಕಡೆ ಶಿಸ್ತಿನ ಸೈನ್ಯ, ಇನ್ನೊಂದು ಕಡೆ ಬುಡಕಟ್ಟಿನವರು ಎಂಬ ಲೆಕ್ಕದಲ್ಲಿ. ಟಿಪ್ಪುವಿನ ಪದಾತಿ ಹಾಗಿರಲಿಲ್ಲ. ಕುಶೂನ್ ಎಂಬ ತುಕಡಿಗಳಾಗಿ ವಿಂಗಡಿಸಿ, ಕವಾಯತು ಕಲಿಸಿ, ಬಂದೂಕು–ಬಯೋನೆಟ್ ಕೊಟ್ಟ ಸೈನ್ಯ ಅದು. ಕಂಪನಿಯ ಸಿಪಾಯಿಗೆ ಸರಿಸಮ ನಿಲ್ಲಬಲ್ಲ ತುಕಡಿಯನ್ನು ಮೇಜಿನ ಮೇಲೆ ಗುಂಪುಗುಂಪಾಗಿ ಓಡಿಸಿದರೆ ಆಟಕ್ಕೂ ಅನ್ಯಾಯ, ಇತಿಹಾಸಕ್ಕೂ ಅನ್ಯಾಯ. ನನ್ನ ಓಟು ಶಾರ್ಪ್ ಪ್ರಾಕ್ಟೀಸ್‌ಗೆ.

ಅಂದ ಮಾತ್ರಕ್ಕೆ ನನ್ನ ಮಾತು ಕೇಳಿ ಪುಸ್ತಕ ಕೊಳ್ಳಬೇಡಿ. ಮೇಳದಲ್ಲಿ ಎರಡು ಥರದ ಮೇಜು ಇರುತ್ತವೆ. ಡೆಮೊ ಗೇಮ್ ನೋಡಲಿಕ್ಕೆ, ಪಾರ್ಟಿಸಿಪೇಷನ್ ಗೇಮ್ ಕೂತು ಆಡಲಿಕ್ಕೆ. ಆಡಿಸುವವರು ಕ್ಲಬ್ಬಿನ ಹವ್ಯಾಸಿಗಳು, ಮಾತು ಆಡಿಸಿದರೆ ಸಾಕು, ಕೈಗೆ ದಾಳ ಕೊಟ್ಟು ಕೂರಿಸುತ್ತಾರೆ. ಯಾವ ರೂಲ್ಸ್ ಅಂತ ಕೇಳಿ, ಅರ್ಧ ಗಂಟೆ ಆಡಿ. ಒಂದು ತುಕಡಿ ಗುಂಡು ಹಾರಿಸಿ ಫಲಿತಾಂಶ ತಿಳಿಯುವ ಹೊತ್ತಿಗೆ ಎಷ್ಟು ಸಲ ಪುಸ್ತಕ ತೆರೆದರು, ಎಷ್ಟು ಸಲ ತಲೆ ಕೆರೆದುಕೊಂಡರು ಅನ್ನೋದನ್ನು ಗಮನಿಸಿ. ಯಾವ ವಿಮರ್ಶೆಯಲ್ಲೂ ಇದು ಸಿಗುವುದಿಲ್ಲ.

ಸ್ಕೇಲ್. 28 ಎಂಎಂ (ಗೊಂಬೆಯ ಎತ್ತರ) ತಗೊಳ್ಳಿ. 6 ಎಂಎಂ, 10 ಎಂಎಂ ಚೆಂದ, ಸೈನ್ಯ ಸೈನ್ಯದ ಹಾಗೇ ಕಾಣುತ್ತದೆ, ಅಗ್ಗ ಕೂಡ. ಆದರೆ ನಿಮ್ಮ ಆಟದಲ್ಲಿ ಒಬ್ಬೊಬ್ಬ ನಾಯಕನಿಗೂ ಹೆಸರಿದೆ, ಅವನ ಮುಖ ಕಾಣಬೇಕು. ನಮ್ಮ ವಯಸ್ಸಿನ ಕಣ್ಣಿಗೂ ದೊಡ್ಡದೇ ವಾಸಿ. ಒಬ್ಬೊಬ್ಬರನ್ನೂ ಬೇರೆ ಬೇರೆ ದುಂಡು ಬೇಸ್ (ಕಾಲಡಿಯ ಬಿಲ್ಲೆ) ಮೇಲೆ ಕೂರಿಸಿ, ಸಾಲು ಕಟ್ಟಲು ಎಂಡಿಎಫ್ ಹಲಗೆಯ ತಟ್ಟೆ ಕೊಳ್ಳಿ, ಬೇಸ್ ಕೂರಲು ತೂತಿರುವಂಥದ್ದು. ನಾಳೆ ರೂಲ್ಸ್ ಬದಲಿಸಿದರೂ ಬೇಸ್ ಕಿತ್ತು ಮತ್ತೆ ಅಂಟಿಸುವ ಕೆಲಸ ಇರುವುದಿಲ್ಲ.

ಈಗ ಫಿಗರ್. ಯುರೋಪಿನ ದೊಡ್ಡ ಯುದ್ಧಗಳಿಗೆಲ್ಲ ಪ್ಲಾಸ್ಟಿಕ್ ಪೆಟ್ಟಿಗೆಗಳಿವೆ, ಪೆರಿ, ವಿಕ್ಟ್ರಿಕ್ಸ್, ವಾರ್‌ಲಾರ್ಡ್, ಹೀಗೆ ಹಲವು ತಯಾರಕರದು, ಒಂದೊಂದರಲ್ಲಿ ಮೂವತ್ತು ನಲವತ್ತು ಜನ. ಮೈಸೂರು ಸೈನ್ಯಕ್ಕೆ ಆ ಭಾಗ್ಯ ಇಲ್ಲ. ಸಣ್ಣ ತಯಾರಕರ ಬಿಳಿ ಲೋಹದ ಫಿಗರ್‌ಗಳನ್ನೇ ಹುಡುಕಬೇಕು, ಒಬ್ಬ ಪದಾತಿಗೆ ಸುಮಾರು ಎರಡು ಪೌಂಡ್, ಕುದುರೆ ಸವಾರನಿಗೆ ಅದರ ದುಪ್ಪಟ್ಟು. ಗೋರಾ ಪಲ್ಟನ್ ಬೇಕಾದರೆ ಪೆರಿಯವರ ಅಮೆರಿಕ ಸ್ವಾತಂತ್ರ್ಯ ಯುದ್ಧದ ಬ್ರಿಟಿಷ್ ಪದಾತಿಯ ಪ್ಲಾಸ್ಟಿಕ್ ಪೆಟ್ಟಿಗೆ ತಂದು ತಲೆ ಬದಲಿಸಬಹುದು, ಇಂಡಿಯಾದಲ್ಲಿದ್ದ ಗೋರಾಗಳು ಬಿಸಿಲಿಗೆ ದುಂಡು ಹ್ಯಾಟು ಹಾಕಿಕೊಂಡವರು. ಚಡ್ಡಿ ತೊಟ್ಟ ಕಂಪನಿ ಸಿಪಾಯಿಗಳು ಮಾತ್ರ ಲೋಹದಲ್ಲೇ ಬೇಕು. ಮುನ್ನೂರರಲ್ಲಿ ಇನ್ನೂರು ಇನ್ನೂರಿಪ್ಪತ್ತು ಫಿಗರ್‌ಗೆ, ಮೂವತ್ತರ ಒಳಗೆ ಪುಸ್ತಕಕ್ಕೆ, ಉಳಿದದ್ದು ಬೇಸ್, ಬಾವುಟ, ಒಂದು ತೋಪಿಗೆ.

ಇಲ್ಲೊಂದು ಮುಖ್ಯ ಮಾತು. ಸಣ್ಣ ತಯಾರಕರು ತಮ್ಮ ಸರಕನ್ನೆಲ್ಲ ಮೇಳಕ್ಕೆ ಹೊತ್ತು ತರುವುದಿಲ್ಲ, ವ್ಯಾನಿನಲ್ಲಿ ಜಾಗ ಇರುವುದಿಲ್ಲ. ಟಿಪ್ಪುವಿನ ಪದಾತಿ ವರ್ಷಕ್ಕೆ ನಾಲ್ಕು ಜನ ಕೇಳುವ ಸರಕು, ಅದು ಗೋದಾಮಿನಲ್ಲೇ ಉಳಿಯುತ್ತದೆ. ಮೂರು ನಾಲ್ಕು ವಾರ ಮುಂಚೆ ಇಮೇಲ್ ಮಾಡಿ, "ಇಂತಿಂಥದ್ದು ಬೇಕು, ಸ್ಟಾಲಿನಲ್ಲಿ ಬಂದು ತಗೊಳ್ಳುತ್ತೇನೆ" ಅನ್ನಿ. ಹೆಚ್ಚಿನವರು ಪೊಟ್ಟಣ ಕಟ್ಟಿ ಹೆಸರು ಬರೆದು ತರುತ್ತಾರೆ, ಅಂಚೆ ಖರ್ಚು ಉಳಿಯುತ್ತದೆ. ಮುಕ್ಕಾಲು ಪಾಲು ಖರೀದಿ ಹೀಗೇ ಆಗಲಿ, ಉಳಿದ ಕಾಲು ಭಾಗ ಕಣ್ಣಿಗೆ ಬಿದ್ದದ್ದಕ್ಕೆ.

ಪೊಟ್ಟಣ ಕೈಗೆ ಬಂದರೆ ಅಲ್ಲೇ ಬಿಚ್ಚಿ. ಒಂದು ಫಿಗರ್ ತೆಗೆದು ಬೆಳಕಿಗೆ ಹಿಡಿಯಿರಿ. ಅಚ್ಚಿನ ಎರಡು ಹೋಳು ಕೂಡುವ ಕಡೆ ಕಿವಿಯ ಪಕ್ಕ, ಭುಜ, ತೊಡೆಯುದ್ದಕ್ಕೂ ಒಂದು ಗೆರೆ ಇರುತ್ತದೆ. ಕೂದಲೆಳೆಯಷ್ಟಿದ್ದರೆ ಅರದಲ್ಲಿ ಉಜ್ಜಿದರೆ ಹೋಗುತ್ತದೆ, ಮುಖದ ಮಧ್ಯೆ ಮೆಟ್ಟಿಲಿನ ಹಾಗೆ ನಿಂತಿದ್ದರೆ ಅಚ್ಚು ಸವೆದಿದೆ ಅಂತ ಅರ್ಥ, ಬೇರೆ ಕೇಳಿ. ಬಯೋನೆಟ್ ತುದಿ ಪೂರ್ತಿ ತುಂಬಿದೆಯೇ ನೋಡಿ, ಲೋಹ ಅಲ್ಲಿಯವರೆಗೆ ಹರಿಯದೆ ಮೊಂಡಾಗಿರುವುದು ಸಾಮಾನ್ಯ. ಕಣಕಾಲು ತೀರಾ ತೆಳ್ಳಗಿದ್ದರೆ ಆಡಿಸುತ್ತಾ ಆಡಿಸುತ್ತಾ ಅಲ್ಲೇ ಮುರಿಯುತ್ತದೆ. ಇನ್ನೊಂದು, 28 ಅಂತ ಎಲ್ಲರೂ ಬರೆದುಕೊಂಡರೂ ಒಬ್ಬರು ಪಾದದಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಇನ್ನೊಬ್ಬರು ನೆತ್ತಿಯವರೆಗೆ. ಪಕ್ಕಪಕ್ಕ ನಿಲ್ಲಿಸಿದರೆ ಅಪ್ಪ–ಮಗನ ಹಾಗೆ ಕಾಣುತ್ತವೆ. ಮೊದಲು ಕೊಂಡ ಫಿಗರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಮುಂದಿನ ಸ್ಟಾಲಿಗೆ ಹೋಗಿ, ಪಕ್ಕದಲ್ಲಿ ನಿಲ್ಲಿಸಿ ನೋಡಿ ಕೊಳ್ಳಿ. ಯಾರೂ ತಪ್ಪು ತಿಳಿಯುವುದಿಲ್ಲ, ಎಲ್ಲರೂ ಮಾಡುವುದೇ.

ಚೌಕಾಸಿ ಬಗ್ಗೆ ಕೇಳಿದ್ದೀರಿ. ತಯಾರಕರ ಸ್ಟಾಲಿನಲ್ಲಿ ಬೇಡ, ದೇವರಾಜ ಮಾರ್ಕೆಟ್ಟಿನ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಹಳೆಯ ಸಾಮಾನಿನ ಮೇಜುಗಳಲ್ಲಿ ಮಧ್ಯಾಹ್ನದ ಮೇಲೆ ಧಾರಾಳವಾಗಿ ಮಾಡಿ, ವಾಪಸ್ ಹೊತ್ತುಕೊಂಡು ಹೋಗಲು ಯಾರಿಗೂ ಮನಸ್ಸಿರುವುದಿಲ್ಲ. ಅಲ್ಲಿಗೆ ನಗದು ಇಟ್ಟುಕೊಳ್ಳಿ. ತೀರಾ ಹಳೆಯ ಫಿಗರ್ ಆದರೆ ಸೀಸದ ಅಂಶ ಹೆಚ್ಚು. ಮೇಲೆ ಬೂದು ಬಿಳಿ ಪುಡಿ ಎದ್ದಿದ್ದರೆ ಮುಟ್ಟಲೂ ಬೇಡಿ, ಮನೆಯಲ್ಲಿ ಮೊಮ್ಮಕ್ಕಳಿದ್ದರಂತೂ ಖಂಡಿತ ಬೇಡ.

ಸೆಲ್ಯೂಟ್ ನಡೆಯುವುದು ಎಕ್ಸೆಲ್ ಸಭಾಂಗಣದಲ್ಲಿ, ನಡೆಸುವುದು ಸೌತ್ ಲಂಡನ್ ವಾರ್‌ಲಾರ್ಡ್ಸ್ ಎಂಬ ಕ್ಲಬ್. ಎಲಿಜಬೆತ್ ಲೈನ್ ಹಿಡಿದು ಕಸ್ಟಮ್ ಹೌಸ್‌ನಲ್ಲಿ ಇಳಿದರೆ ಎದುರಿಗೇ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಕಾಂಕ್ರೀಟ್ ನೆಲ, ಮೆತ್ತಗಿನ ಶೂ ಹಾಕಿ. ಒಂದು ಎಚ್ಚರಿಕೆ, ಅಲ್ಲಿ ಈಗ ಡ್ರ್ಯಾಗನ್ನು, ರೋಬೋಟು, ಅಂತರಿಕ್ಷ ಯೋಧರದ್ದೂ ಸಾಕಷ್ಟು ಜಾಗ. ಇತಿಹಾಸದ್ದೇ ಬೇಕು ಅಂದರೆ, ಮತ್ತು ಮೇ ತಿಂಗಳವರೆಗೂ ಇರುವಿರಾದರೆ, ನ್ಯೂವರ್ಕ್‌ನಲ್ಲಿ ನಡೆಯುವ ಪಾರ್ಟಿಜನ್ ಎಂಬ ಮೇಳಕ್ಕೆ ಬನ್ನಿ. ಕಿಂಗ್ಸ್ ಕ್ರಾಸ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆಯ ಒಳಗೆ ಬರಬಹುದು, ಮೈದಾನ ಊರ ಹೊರಗಿದೆ, ಟ್ಯಾಕ್ಸಿ ಬೇಕು. ಚಿಕ್ಕ ಮೇಳ, ಮಾತಾಡಲು ಪುರುಸೊತ್ತಿರುವ ಜನ. ನನಗೆ ಒಂದೇ ಮೇಳ ಆರಿಸು ಅಂದರೆ ಅದನ್ನೇ ಆರಿಸುತ್ತೇನೆ.

ಬಣ್ಣದ ವಿಚಾರಕ್ಕೆ ನೀವು ಲಂಡನ್ನಿಗೆ ಬರುವ ಮುಂಚೆಯೇ ಅರ್ಧ ಕೆಲಸ ಮುಗಿಸಬಹುದು. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ 1780ರ ಪೊಳ್ಳಿಲೂರು ಯುದ್ಧದ ಗೋಡೆ ಚಿತ್ರದ ಮುಂದೆ ನಿಂತು ಬಟ್ಟೆ, ಪೇಟ, ಬಾವುಟ, ಆನೆಯ ಅಂಬಾರಿಯವರೆಗೆ ಟಿಪ್ಪಣಿ ಮಾಡಿಕೊಳ್ಳಿ. ಆ ಚಿತ್ರಕ್ಕೆ ಬ್ರಿಟಿಷರ ಕಾಲದಲ್ಲಿ ಮತ್ತೆ ಬಣ್ಣ ಹಚ್ಚಿದ್ದಾರೆ, ಆದ್ದರಿಂದ ಆಕಾರ ನಂಬಿ, ಬಣ್ಣವನ್ನು ಸ್ವಲ್ಪ ಅನುಮಾನದಿಂದ ನೋಡಿ. ಪದಾತಿಯ ಅಂಗಿಗೆ ಬಬ್ರಿ ಎನ್ನುವ ಹುಲಿಪಟ್ಟೆ ಇರುತ್ತಿತ್ತು. ಅದನ್ನು 28 ಎಂಎಂ ಮೇಲೆ ಬರೆಯಲು ಹೋದರೆ ಕೈ ನಡುಗುತ್ತದೆ, ಮೊದಲ ತುಕಡಿಗೆ ಬೆನ್ನ ಮೇಲೆ ನಾಲ್ಕು ಗೀಟು ಎಳೆದರೆ ಮೂರಡಿ ದೂರದಿಂದ ಸಾಕು. ರಾಕೆಟ್ಟಿಗೆ ದುಡ್ಡು ಕೊಡಬೇಡಿ, ಕೊಳವೆಗೆ ತುಂಡು ತಾಮ್ರದ ತಂತಿ, ಬಾಲಕ್ಕೆ ಪೊರಕೆ ಕಡ್ಡಿ, ಮನೆಯಲ್ಲೇ ಆಗುತ್ತದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳು ಬಾವಿಯಿಂದ ಸಾವಿರದಷ್ಟು ರಾಕೆಟ್ ಕೊಳವೆ ಸಿಕ್ಕವಲ್ಲ, ಅವುಗಳ ಫೋಟೋ ನೋಡಿ ಮಾಡಿ. ಲಂಡನ್ನಿನಲ್ಲಿ ಬಿಡುವಾದ ದಿನ ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂ ನೋಡಿ, ಪ್ರವೇಶಕ್ಕೆ ಹಣ ಇಲ್ಲ.

ಮೊದಲ ಆಟಕ್ಕೆ 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ಮರಗಳ ತೋಪಿನಲ್ಲಿ ನಡೆದ ಕಾಳಗ ಹೇಳಿ ಮಾಡಿಸಿದ ಹಾಗಿದೆ. ಕಾಲುವೆ, ದಟ್ಟ ತೋಪು, ಕತ್ತಲೆ, ಒಳಗೆ ಮೈಸೂರಿನವರ ಬಂದೂಕು ಮತ್ತು ರಾಕೆಟ್ಟು, ಹೊರಗಿನಿಂದ ನುಗ್ಗಿ ದಾರಿ ತಪ್ಪಿದ ಬ್ರಿಟಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟ್. ಅವತ್ತು ಅವನು ಸೋತು ಹಿಂದೆ ಬಂದ, ಮಾರನೇ ದಿನ ಬೆಳಕಿನಲ್ಲಿ ಆ ತೋಪನ್ನು ಹಿಡಿದ. ಹತ್ತಿಪ್ಪತ್ತು ಮರ ಇದ್ದರೆ ಮೇಜು ಸಿದ್ಧ.

ಸಾಗಣೆ. ನೂರು ಲೋಹದ ಪದಾತಿ ಎಂದರೆ ಒಂದೂವರೆ–ಎರಡು ಕಿಲೋ, ಕುದುರೆಗಳು ಬೇರೆ. ಬ್ಲಿಸ್ಟರ್ ಡಬ್ಬಿಗಳನ್ನೆಲ್ಲ ಮಗಳ ಮನೆಯಲ್ಲೇ ಎಸೆದು, ಜಿಪ್ ಚೀಲಕ್ಕೆ ಹಾಕಿ ಹೆಸರು ಬರೆದು, ಬಟ್ಟೆ ಮಧ್ಯೆ ಸೂಟ್‌ಕೇಸಿನಲ್ಲಿಡಿ. ಪ್ಲಾಸ್ಟಿಕ್ ಸ್ಪ್ರೂಗಳು (ಬಿಡಿಭಾಗಗಳು ಅಂಟಿಕೊಂಡಿರುವ ಚೌಕಟ್ಟುಗಳು) ಪೆಟ್ಟಿಗೆಯಿಂದ ತೆಗೆದರೆ ಅರ್ಧ ಜಾಗ. ರಸೀದಿ ಎಲ್ಲ ಒಂದು ಕವರಿನಲ್ಲಿ ಕೈಚೀಲದಲ್ಲಿರಲಿ, ಬ್ಯಾಗೇಜ್ ಮಿತಿ ಹೊರಡುವ ಮುಂಚೆ ಕಸ್ಟಮ್ಸ್ ಪುಟದಲ್ಲಿ ನೋಡಿಕೊಳ್ಳಿ. "ಆಮೇಲೆ ಅಂಚೆಯಲ್ಲಿ ತರಿಸುತ್ತೇನೆ" ಅಂದುಕೊಂಡು ಏನನ್ನೂ ಬಿಟ್ಟು ಬರಬೇಡಿ. ಇಂಡಿಯಾದಲ್ಲಿ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಏರಿಸಿದ ಮೇಲೆ ಗುಂಪಿನಲ್ಲಿ ಎಷ್ಟು ಜನ ಅತ್ತಿದ್ದಾರೆ ನೋಡಿದ್ದೀರಿ. ವ್ಯಾಟ್ ವಾಪಸ್ ಸಿಗುತ್ತಾ ಅಂತ ಕೇಳಿದ್ದಿರಿ. ಲಂಡನ್ನಿನಲ್ಲಿ ಕೊಂಡು ಸೂಟ್‌ಕೇಸಿನಲ್ಲಿ ಒಯ್ಯುವ ಪ್ರವಾಸಿಗರಿಗೆ 2021ರಿಂದ ಆ ಸೌಲಭ್ಯ ನಿಂತಿದೆ.

ಮೇಲೆ ಒಬ್ಬರು "3ಡಿ ಪ್ರಿಂಟ್ ಮಾಡಿದರೆ ಮುಗೀತಲ್ಲ" ಅಂದಿದ್ದಾರೆ. ಪ್ರಿಂಟರ್ ಇರುವ ಗೆಳೆಯ ಊರಲ್ಲಿದ್ದರೆ ಆನೆ, ತೋಪು, ಕೋಟೆ ಗೋಡೆ ಧಾರಾಳವಾಗಿ ಮಾಡಿಸಿ. ದಿನಾ ಕೈಯಲ್ಲಿ ಹಿಡಿದು ಆಡಿಸುವ ಪದಾತಿಗೆ ಮಾತ್ರ ನಾನು ಲೋಹವನ್ನೇ ನಂಬುತ್ತೇನೆ: ಬಯೋನೆಟ್ ಬಾಗಿದರೆ ಬೆರಳಲ್ಲಿ ನೆಟ್ಟಗೆ ಮಾಡಬಹುದು, ಪ್ರಿಂಟ್ ಮಾಡಿದ ರೆಸಿನ್ ಆದರೆ ಲಟಕ್ ಅಂತ ಮುರಿಯುತ್ತದೆ.

ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ಲೇಪ) ಸ್ಪ್ರೇ ಡಬ್ಬಿ ಮತ್ತು ಪ್ಲಾಸ್ಟಿಕ್ ಅಂಟಿಸುವ ಸಿಮೆಂಟ್ ಎರಡನ್ನೂ ಇಲ್ಲಿ ಕೊಳ್ಳಬೇಡಿ, ಬೆಂಕಿ ಹತ್ತುವ ಸಾಮಾನು, ವಿಮಾನದಲ್ಲಿ ಬಿಡುವುದಿಲ್ಲ. ಬೆಂಗಳೂರಿನ ಹವ್ಯಾಸಿ ಅಂಗಡಿಗಳಲ್ಲಿ ಸಿಗುತ್ತವೆ. ಒಂದೊಂದು ಕಡೆಗೆ ಎಷ್ಟು ಗುಂಪು ಬೇಕು ಅಂತ ಒಂದು ಪಟ್ಟಿ ಮಾಡಿ ಇಲ್ಲೇ ಹಾಕಿ ಸರ್, ತಯಾರಕರಿಗೆ ಇಮೇಲ್ ಹೋಗುವ ಮುಂಚೆ ಒಂದು ಸಲ ನೋಡಿ ಹೇಳುತ್ತೇನೆ.